ಸಣ್ಣ ಸಭೆಗಳ ಬಲ

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಎಂದೊಡನೆ ನಮಗೆ ನೆನಪಾಗುವುದು ‘ಮಂಗಳೂರ ಸಮಾಚಾರ’ ಮತ್ತು ಕಿಟೆಲರ ನಿಘಂಟು. ಆ ಪರಂಪರೆಯ ಇನ್ನೊಂದು ಪಾಠವನ್ನು ನಾವು ಗಮನಿಸಿದ್ದು ಕಡಿಮೆ. 1947ರಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮೊದಲಾದ ಪಂಗಡಗಳು ಒಂದಾಗಿ ದಕ್ಷಿಣ ಭಾರತ ಸಭೆ ರೂಪುಗೊಂಡಿತು. ಬಾಸೆಲ್ ಮಿಶನ್ನಿನ ಕನ್ನಡ ಸಭೆಗಳು ಇಂದು ಅದರ ಭಾಗ. ಅದರ ಹಳ್ಳಿಗಾಡಿನಲ್ಲಿ ಹಲವು ಊರುಗಳಿಗೆ ಒಬ್ಬರೇ ಸಭಾಪಾಲಕರು. ಅವರು ಸರದಿಯಂತೆ ಬಂದು ಕರ್ತನ ಭೋಜನದ ಸಂಸ್ಕಾರ ನಡೆಸುತ್ತಾರೆ. ಉಳಿದ ಭಾನುವಾರಗಳ ಆರಾಧನೆ ಊರಿನ ಹಿರಿಯರದೋ ಉಪದೇಶಿಯದೋ ಹೊಣೆ. ಪ್ರಾರ್ಥನೆ, ಕೀರ್ತನೆ, ವೇದಪಾಠ ಎಲ್ಲವೂ ಕನ್ನಡದಲ್ಲೇ. ಸುಗ್ಗಿಯ ಹಬ್ಬದಂದು ಮನೆಮನೆಯಿಂದ ತಂದ ಕುಂಬಳ, ತೆಂಗು, ಕೋಳಿಗಳು ಹರಾಜಾಗಿ ಸಭೆಯ ಖರ್ಚಿಗೆ ಒದಗುತ್ತವೆ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿರುವ ನಮಗೆ ಇದು ಕೇವಲ ಪರಮತದ ಸುದ್ದಿಯಾಗಬಾರದು. ನಮ್ಮ ಕೂಟಗಳು ಊರಿನಿಂದ ಬರುವ ಅತಿಥಿಗಾಗಿ ಕಾಯುತ್ತವೆ. ಅತಿಥಿ ಬಾರದಿದ್ದರೆ ಕಾರ್ಯಕ್ರಮವೇ ಇಲ್ಲ. ಜನ ಕಡಿಮೆಯಾದಲ್ಲಿ ಸಣ್ಣ ಕೂಟಗಳನ್ನು ಮುಚ್ಚಿ ದೊಡ್ಡದಕ್ಕೆ ಸೇರಿಸೋಣವೆಂಬ ಮಾತೂ ಏಳುತ್ತದೆ. ಇದನ್ನು ನಾವು ಒಪ್ಪೆವು. ವಾರವಿಡೀ ಲೋಕಲ್ ರೈಲಿನಲ್ಲಿ ನಿಂತು ಬಂದವರು ಕನ್ನಡಕ್ಕಾಗಿ ಭಾನುವಾರವೂ ರೈಲು ಹತ್ತಲಾರರು. ಅವರ ಮಕ್ಕಳಂತೂ ಹತ್ತುವುದೇ ಇಲ್ಲ. ಹತ್ತು ಮನೆಯವರು ಒಂದು ಕೋಣೆಯಲ್ಲಿ ಕೂಡಿ, ತಾವೇ ಓದಿ, ಮಕ್ಕಳಿಂದಲೂ ಓದಿಸಿದರೆ ಭಾಷೆ ಉಳಿದೀತು. ವಿದ್ವಾಂಸರು ಸರದಿಯಂತೆ ಬರಲಿ. ಅಲ್ಲಿಯವರೆಗೆ ಕನ್ನಡ ಕಾಯಬೇಕಾಗಿಲ್ಲ.