ಮೊದಲ ಪಿಸಿಪಿ ಏರ್ ರೈಫಲ್: ಬಂದೂಕಿನ ರೇಟಿಗಿಂತ ಮೊದಲು ಗಾಳಿಯ ಲೆಕ್ಕ ಹಾಕ್ರಿ

ಫ್ಯಾಕ್ಟರಿಯಿಂದ ಕಬ್ಬಿನ ಬಿಲ್ಲು ಜಮಾ ಆಗೋ ದಿನಗಳಲ್ಲಿ ನಮ್ಮ ಕಬ್ಬೂರ, ಚಿಕ್ಕೋಡಿ, ರಾಯಬಾಗ ಕಡೆಯ ಹುಡುಗರ ಫೋನಿನಲ್ಲಿ ಎರಡೇ ವಿಷಯ ಓಡಾಡ್ತಾವ. ಒಂದು ಹೊಸ ಬೈಕು, ಇನ್ನೊಂದು ಪಿಸಿಪಿ ಏರ್ ರೈಫಲ್. "ಅಣ್ಣಾ, ಕಡಿಮೆ ರೊಕ್ಕದಾಗ ಚಲೋ ಪಿಸಿಪಿ ಯಾವುದು ಹೇಳ್ರಿ" ಅಂತ ನನಗೂ ಕೇಳ್ತಾರೆ. ಯಾವ ಕಂಪನಿ ಅನ್ನೋದನ್ನು ಕಡೆಗೆ ನೋಡೋಣ. ಅದಕ್ಕೂ ಮೊದಲು ನಾನು ಎರಡು ಮಾತು ಕೇಳ್ತೀನಿ: ಯಾತಕ್ಕೆ ಬೇಕು? ಗಾಳಿ ಎಲ್ಲಿಂದ ತುಂಬ್ತೀರಿ? ಈ ಎರಡಕ್ಕೂ ಉತ್ತರ ಇಲ್ಲದವರು ರೊಕ್ಕ ಕೊಡಬಾರದು ಅನ್ನೋದು ನನ್ನ ಖಚಿತ ಅಭಿಪ್ರಾಯ.

ಬೆಳೆ ಕಾಯೋಕೆ ಅಂತಿದ್ದರೆ ಬ್ಯಾಡ

ಕೇಳುವ ಹತ್ತು ಮಂದಿಯಲ್ಲಿ ಐದಾರು ಮಂದಿ ಹೇಳೋದು, "ಗೋವಿನಜೋಳಕ್ಕೆ ಗಿಳಿ ಬೀಳ್ತಾವ, ಮಂಗ್ಯಾ ಬರ್ತಾವ, ಕಾಡಹಂದಿ ಕಬ್ಬು ಮುರೀತಾವ" ಅಂತ. ಅವರ ಸಂಕಟ ಸುಳ್ಳಲ್ಲ. ಆದರೆ ಆ ಕೆಲಸಕ್ಕೆ ಇದು ಸರಿಯಾದ ಸಾಮಾನಲ್ಲ.

ಮೊದಲ ಕಾರಣ ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಗಿಳಿ, ನವಿಲು, ಮಂಗ, ಕಾಡುಹಂದಿ ಎಲ್ಲವೂ ರಕ್ಷಿತ ಪ್ರಾಣಿಗಳು. ಕೊಂದರೆ ಮಾತ್ರ ಬೇಟೆ ಅಂತ ತಿಳಿಯಬೇಡಿ. ಗಾಯ ಮಾಡಿದರೂ ಬೇಟೆ, ಕೊಲ್ಲೋಕೆ ಪ್ರಯತ್ನ ಮಾಡಿದರೂ ಬೇಟೆ. 2022ರ ತಿದ್ದುಪಡಿ ಬಂದ ಮೇಲೆ ಸಾಮಾನ್ಯ ಅಪರಾಧಕ್ಕೆ ಮೂರು ವರ್ಷದ ತನಕ ಜೈಲು ಅಥವಾ ಒಂದು ಲಕ್ಷ ರೂಪಾಯಿ ತನಕ ದಂಡ, ಇಲ್ಲವೆ ಎರಡೂ. ನವಿಲಿನಂತಹ ಒಂದನೇ ಅನುಸೂಚಿಯ ಪ್ರಾಣಿಯಾದರೆ ಕನಿಷ್ಠ ಮೂರು ವರ್ಷದಿಂದ ಏಳು ವರ್ಷ ಜೈಲು, ದಂಡ 25,000 ರೂಪಾಯಿಗೆ ಕಡಿಮೆ ಇಲ್ಲ. ಹತ್ತು ಸೇರು ಜೋಳ ಉಳಿಸೋಕೆ ಹೋಗಿ ಕೋರ್ಟಿಗೆ ಅಡ್ಡಾಡೋ ಬಾಳೇವು ಯಾರಿಗೆ ಬೇಕು?

ಎರಡನೇ ಕಾರಣ ಕೆಲಸದ್ದು. ಲೈಸೆನ್ಸ್ ಬೇಡದ ಏರ್ ರೈಫಲ್‌ನಿಂದ ಕಾಡುಹಂದಿ ಸಾಯೋದಿಲ್ಲ, ಗಾಯಗೊಂಡು ರೊಚ್ಚಿಗೇಳ್ತದೆ. ಗಿಳಿಯ ಹಿಂಡಿನಲ್ಲಿ ಒಂದಕ್ಕೆ ಹೊಡೆದರೆ ಉಳಿದವು ಪಕ್ಕದ ಹೊಲಕ್ಕೆ ಹೋಗಿ ಅರ್ಧ ತಾಸಿನಲ್ಲಿ ತಿರುಗಿ ಬರ್ತಾವ. ನಮ್ಮ ಹಿರಿಯರು ಜೋಳ ಹಾಲುಗಾಳಿಗೆ ಬಂದಾಗ ಮಂಚಿಕೆ ಕಟ್ಟಿ, ಮುಂಜಾನೆ ಸಂಜೆ ಕವಣೆ ಬೀಸಿ ಹಕ್ಕಿ ಎಬ್ಬಿಸುತ್ತಿದ್ದರು. ಈಗ ಅದರ ಜೊತೆಗೆ ಮಿಂಚುವ ರಿಬ್ಬನ್ ಐತಿ, ಬಲೆ ಐತಿ. ಅಥಣಿ ಕಡೆ ದ್ರಾಕ್ಷಿ ಬೆಳೆಗಾರರನ್ನು ಕೇಳ್ರಿ, ಹಕ್ಕಿಗೆ ಬಲೆಯಷ್ಟು ಪಕ್ಕಾ ಉಪಾಯ ಇನ್ನೊಂದಿಲ್ಲ ಅಂತಾರೆ. ಕಾಡುಹಂದಿ ಬೆಳೆ ಹಾಳು ಮಾಡಿದರೆ ಅದೇ ದಿನ ಫೋಟೋ ತೆಗೆದು, ಉತಾರ ಜೋಡಿಸಿ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ. ಇಲಿ, ಹೆಗ್ಗಣಕ್ಕೆ ಬೋನು ಮಾಡುವ ಕೆಲಸವನ್ನು ಬಂದೂಕು ಮಾಡೋದಿಲ್ಲ. ರಾತ್ರಿಯೆಲ್ಲ ಬೋನು ಎಚ್ಚರ ಇರ್ತದೆ, ನಾವು ಇರೋದಿಲ್ಲ.

ಗುರಿ ಹೊಡೆಯೋ ಆಟಕ್ಕೆ ಅಂದ್ರೆ ಬರ್ರಿ, ಮಾತಾಡೋಣ

ಉಳಿದ ನಾಲ್ಕೈದು ಮಂದಿಗೆ ಇದು ಆಟ, ಅಭ್ಯಾಸ. ಅವರಿಗೆ ನನ್ನ ಬೆಂಬಲ ಐತಿ. ಶೂಟಿಂಗ್ ಅಂದ್ರೆ ದೊಡ್ಡ ಪಟ್ಟಣದವರ ಆಟ ಅಂತ ತಿಳಿಯಬೇಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ನಮ್ಮ ನೆರೆಯ ಕೊಲ್ಲಾಪುರ ಜಿಲ್ಲೆಯ ರಾಧಾನಗರಿ ತಾಲೂಕಿನ ಕಂಬಳವಾಡಿ ಅನ್ನೋ ಹಳ್ಳಿಯವರು. 2010ರಲ್ಲಿ ಮ್ಯೂನಿಕ್‌ನಲ್ಲಿ ವಿಶ್ವ ಚಾಂಪಿಯನ್ ಆದ ತೇಜಸ್ವಿನಿ ಸಾವಂತ ಕೂಡ ಕೊಲ್ಲಾಪುರದವರೇ. ಇವರು ಪದಕ ಗೆದ್ದದ್ದು 50 ಮೀಟರ್ ರೈಫಲ್‌ನಲ್ಲಿ, ಅದು ಬೇರೆ ಬಂದೂಕು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ.

ಈ 10 ಮೀಟರ್ ಪಂದ್ಯದಲ್ಲೇ ಖರೀದಿ ಮಾಡೋರಿಗೆ ಒಂದು ದೊಡ್ಡ ಪಾಠ ಐತಿ. ಈಗಿನ ಪಂದ್ಯದ ರೈಫಲ್‌ಗಳು ಪಿಸಿಪಿಗಳೇ. ಅವುಗಳ ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೋಗ್ತದೆ, ಶಕ್ತಿ ಏಳೆಂಟು ಜೂಲ್ ಅಷ್ಟೇ. ಅಷ್ಟರಲ್ಲೇ ಅವರು ಅರ್ಧ ಮಿಲಿಮೀಟರಿನ ಚುಕ್ಕೆಗೆ ಗುರಿ ಇಡ್ತಾರೆ. ಅಂದ್ರೆ ಹೊಡೆತದ ಜೋರು ಬೇರೆ, ಗುರಿಯ ನಿಖರತೆ ಬೇರೆ. "ಪವರ್ ಎಷ್ಟೈತಿ?" ಅಂತ ಕೇಳೋದನ್ನು ಬಿಟ್ಟು "ಹತ್ತು ಪೆಲೆಟ್ ಹೊಡೆದರೆ ಎಷ್ಟು ಹತ್ತಿರ ಬೀಳ್ತಾವ?" ಅಂತ ಕೇಳಿ.

ಲೈಸೆನ್ಸಿನ ಗೆರೆ

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಏರ್ ರೈಫಲ್‌ನ ನಳಿಕೆ 4.5 ಮಿಲಿಮೀಟರ್ ಅಂದ್ರೆ 0.177 ಇಂಚು ಮೀರಬಾರದು, ಶಕ್ತಿ 20 ಜೂಲ್ ಮೀರಬಾರದು. ಮೀರಿದರೆ ಲೈಸೆನ್ಸ್ ಬೇಕು. 5.5 ಮಿಲಿಮೀಟರ್ ಅಂದ್ರೆ 0.22 ಬೋರಿನದನ್ನು "ಎಲ್ಲಾರೂ ತಗೊಂಡಾರ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಜಾಹೀರಾತಿನಲ್ಲಿ ಜೂಲ್ ಬರೆದಿರೋದಿಲ್ಲ, ವೇಗ ಬರೆದಿರ್ತಾರೆ. ಲೆಕ್ಕ ಸರಳ ಐತಿ: ಪೆಲೆಟ್‌ನ ತೂಕ (ಕಿಲೋದಲ್ಲಿ) ಗುಣಿಸು ವೇಗ ಗುಣಿಸು ವೇಗ, ಬಂದದ್ದರ ಅರ್ಧ. ಮಾಮೂಲಿ ಪೆಲೆಟ್ 0.54 ಗ್ರಾಂ ಇರ್ತದೆ. ಸೆಕೆಂಡಿಗೆ 1000 ಅಡಿ ಅಂದ್ರೆ 305 ಮೀಟರ್. ಲೆಕ್ಕ ಹಾಕಿದರೆ 25 ಜೂಲ್, ಗೆರೆ ದಾಟಿತು. ಅದೇ ಪೆಲೆಟ್ 800 ಅಡಿ ವೇಗದಲ್ಲಿ ಹೋದರೆ 16 ಜೂಲ್, ಗೆರೆಯ ಒಳಗೆ. ಆದ್ದರಿಂದ "1000 ಎಫ್‌ಪಿಎಸ್, ಲೈಸೆನ್ಸ್ ಬೇಡ" ಅಂತ ಒಟ್ಟಿಗೇ ಬರೆದವರಿಗೆ ಯಾವ ತೂಕದ ಪೆಲೆಟ್‌ನಲ್ಲಿ ಅಳೆದಿರಿ ಅಂತ ಕೇಳಿ. ಬೋರು ಮತ್ತು ಶಕ್ತಿ ಎರಡನ್ನೂ ನಮೂದಿಸಿದ ಬಿಲ್ಲು ಪಡೀರಿ. ಅದರ ಫೋಟೋ ಫೋನಿನಲ್ಲೂ ಇರಲಿ. ಬಿಲ್ಲು ಕೊಡದವರ ಹತ್ತಿರ ಎಷ್ಟೇ ಸೋವಿ ಇದ್ದರೂ ತಗೋಬ್ಯಾಡ್ರಿ.

ಗಾಳಿಯೇ ನಿಜವಾದ ಖರ್ಚು

ಸ್ಪ್ರಿಂಗಿನ ಏರ್‌ಗನ್‌ನಲ್ಲಿ ನಳಿಕೆ ಮಡಚಿದರೆ ಸಾಕು, ಪ್ರತಿ ಹೊಡೆತಕ್ಕೂ ಗಾಳಿ ತಾನೇ ಹುಟ್ಟಿಸಿಕೊಳ್ತದೆ. ಪಿಸಿಪಿಯಲ್ಲಿ ಗಾಳಿಯನ್ನು ಮೊದಲೇ ಸಿಲಿಂಡರಿನಲ್ಲಿ ತುಂಬಿಡಬೇಕು, ಸಾಮಾನ್ಯವಾಗಿ 200 ಬಾರ್ ಒತ್ತಡಕ್ಕೆ. ಅಂದ್ರೆ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಹೆಚ್ಚು ಕಡಿಮೆ ಎರಡು ಕ್ವಿಂಟಲ್ ಭಾರ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಕೊಡೋದು ಹತ್ತು ಬಾರ್ ಸುಮಾರು. ಅಲ್ಲಿ ತುಂಬಿಸ್ತೀನಿ ಅನ್ನೋದು ಆಗದ ಮಾತು.

ಇಲ್ಲೇ ನಮ್ಮ ಹುಡುಗರ ಬಜೆಟ್ ತಪ್ಪೋದು. ಇದ್ದ ರೊಕ್ಕವೆಲ್ಲ ಬಂದೂಕಿಗೆ ಹಾಕಿ, ಪಂಪು ಆಮೇಲೆ ನೋಡೋಣ ಅಂತಾರೆ. ಆಮೇಲೆ ಬಂದೂಕು ಅಟ್ಟದ ಮೇಲೆ. ನನ್ನ ಸಲಹೆ ಇದು: ಕೈಯಲ್ಲಿರೋ ಹತ್ತು ರೂಪಾಯಿಯಲ್ಲಿ ಬಂದೂಕಿಗೆ ಆರು, ಕೈಪಂಪಿಗೆ ಎರಡು, ದುರ್ಬೀನಿಗೆ ಒಂದು, ಪೆಲೆಟ್ ಮತ್ತು ಸೀಲ್‌ಗೆ ಒಂದು. ಆರರಲ್ಲಿ ಪಿಸಿಪಿ ಬರೋದಿಲ್ಲ ಅಂದ್ರೆ ಒಳ್ಳೆಯ ಸ್ಪ್ರಿಂಗಿನ ಏರ್‌ಗನ್ ತಗೊಂಡು ಒಂದು ವರ್ಷ ಅಭ್ಯಾಸ ಮಾಡಿ. ಅದರಲ್ಲಿ ನಾಚಿಕೆ ಏನಿಲ್ಲ. ಸ್ಪ್ರಿಂಗಿನ ಜಗ್ಗಾಟದಲ್ಲಿ ಗುರಿ ಹಿಡಿಯೋದು ಕಲಿತವನಿಗೆ ಪಿಸಿಪಿ ಹಗುರ ಅನಿಸ್ತದೆ.

ಕೈಪಂಪು ಹೊಡೆಯೋದು ಬೈಕಿಗೆ ಗಾಳಿ ಹೊಡೆದಂತಲ್ಲ. ಕಡೆ ಕಡೆಗೆ ಮೈಭಾರ ಎಲ್ಲಾ ಹಾಕಬೇಕು. ಅರವತ್ತು ಎಪ್ಪತ್ತು ಸಲ ಒತ್ತಿ, ಪಂಪು ತಣ್ಣಗಾಗೋಕೆ ಹತ್ತು ನಿಮಿಷ ಬಿಡಿ. ಬಿಸಿಯಾದರೆ ಸೀಲ್ ಹೋಗ್ತದೆ, ಒಳಗೆ ನೀರಿನ ಪಸೆ ಕಟ್ತದೆ. ಅದಕ್ಕೇ ಮೊದಲ ಬಂದೂಕಿಗೆ ಸಣ್ಣ ಸಿಲಿಂಡರ್, ಮಿತವಾದ ಶಕ್ತಿ ಇರಲಿ. ಜೋರು ಹೆಚ್ಚಿದಷ್ಟೂ ಒಂದು ಸಲ ತುಂಬಿದ ಗಾಳಿಗೆ ಹೊಡೆತ ಕಡಿಮೆ, ನಿಮ್ಮ ಬೆವರು ಜಾಸ್ತಿ. ರೆಗ್ಯುಲೇಟರ್ ಇದ್ದರೆ ಪ್ರತಿ ಹೊಡೆತದ ವೇಗ ಒಂದೇ ಸಮ ಇರ್ತದೆ. ಇಲ್ಲದಿದ್ದರೂ ನಡೀತದೆ, ಆದರೆ ಯಾವ ಒತ್ತಡದಿಂದ ಯಾವ ಒತ್ತಡದ ತನಕ ಗುರಿ ಸರಿಯಾಗಿ ಬೀಳ್ತದೆ ಅಂತ ಕಾಗದದ ಮೇಲೆ ಹೊಡೆದು ಬರೆದಿಟ್ಟುಕೊಳ್ಳಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರ್ ನೋಡಿ "ಇದರಿಂದ ತುಂಬಿದರ ಆಗಂಗಿಲ್ಲೇನು?" ಅನ್ನೋರು ಇದ್ದಾರೆ. ಆಗೋದಿಲ್ಲ. ಆಕ್ಸಿಜನ್, ಎಣ್ಣೆ ಪಸೆ, ಒತ್ತಡ ಮೂರೂ ಕೂಡಿದರೆ ಸಿಲಿಂಡರ್ ಕೈಯಲ್ಲೇ ಸಿಡೀತದೆ. ತುಂಬೋದು ಬರೀ ಗಾಳಿ. ಸೀಲ್‌ಗೆ ಹಚ್ಚೋದು ಸಿಲಿಕೋನ್ ಗ್ರೀಸ್ ಮಾತ್ರ. ಎಂಜಿನ್ ಆಯಿಲ್, ಕೊಬ್ಬರಿ ಎಣ್ಣೆ ಹಚ್ಚಬೇಡಿ. ಲೇಥ್ ಮೇಲೆ ಕಡೆಸಿದ ಸಿಲಿಂಡರ್ ಸೋವಿ ಸಿಗ್ತದೆ ಅಂತ ಹತ್ತಿರಾನೂ ಹೋಗಬೇಡಿ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರಿಗೆ

ಎದುರಿಗೇ ಗಾಳಿ ತುಂಬಿಸಿ, ಮೀಟರಿನ ಫೋಟೋ ತಗೊಂಡು, ಮರುದಿನ ಅದೇ ಹೊತ್ತಿಗೆ ಹೋಗಿ ನೋಡ್ರಿ. ಮುಳ್ಳು ಇಳಿದಿದ್ದರೆ ಸೋರಿಕೆ ಐತಿ. ಸಿಲಿಂಡರಿಗೆ ನೆಗ್ಗು, ತುಕ್ಕು ಇದ್ದರೆ ವಾಪಸ್ ಬರ್ರಿ. ಸೀಲ್ ಎಲ್ಲಿ ಸಿಗ್ತಾವ, ರಿಪೇರಿ ಯಾರು ಮಾಡ್ತಾರೆ ಅಂತ ಕೇಳಿ. ನೂರು ರೂಪಾಯಿಯ ರಬ್ಬರ್ ರಿಂಗ್ ಸಿಗದೆ ಸಾವಿರಾರು ರೂಪಾಯಿಯ ಬಂದೂಕು ಮೂಲೆಗೆ ಬಿದ್ದದ್ದು ನಾನು ನೋಡೀನಿ. ಅದಕ್ಕೇ ಬಿಡಿಭಾಗ ಸುಲಭಕ್ಕೆ ಸಿಗೋ ಭಾರತದ್ದೇ ಮಾಲಿಗೆ ನನ್ನ ಮೊದಲ ಓಟು.

ಕಬ್ಬು ಗೋಡೆಯಲ್ಲ

ಏರ್ ರೈಫಲ್ ಆಟಿಗೆ ಸಾಮಾನಲ್ಲ. ಪೆಲೆಟ್ ಕಣ್ಣಿಗೆ ಬಿದ್ದರೆ ಕಣ್ಣು ಹೋಗ್ತದೆ, ಹತ್ತಿರದಿಂದ ಬಿದ್ದರೆ ಜೀವಾನೂ ಹೋಗಬಹುದು. ನಮ್ಮ ಹೊಲದಲ್ಲಿ ಕಬ್ಬು ಎದ್ದು ನಿಂತಾಗ ಅದರ ಆಚೆ ಯಾರಿದ್ದಾರೆ ಅಂತ ಕಾಣೋದಿಲ್ಲ. ಕಟಾವಿನ ದಿನಗಳಲ್ಲಿ ಗ್ಯಾಂಗಿನವರು ಇರ್ತಾರೆ, ಅವರ ಸಣ್ಣ ಮಕ್ಕಳು ಒಡ್ಡಿನ ಮೇಲೆ ಆಡ್ತಿರ್ತಾವ. ಗುರಿಯ ಹಿಂದೆ ಮಣ್ಣಿನ ದಿಬ್ಬ ಅಥವಾ ಹಳೆ ಬಟ್ಟೆ ಒತ್ತಿ ತುಂಬಿದ ಡಬ್ಬ ಇರಬೇಕು. ಕಲ್ಲು, ಕಬ್ಬಿಣದ ತಗಡಿಗೆ ಹೊಡೆದರೆ ಪೆಲೆಟ್ ತಿರುಗಿ ನಿಮ್ಮ ಕಡೆಗೇ ಬರ್ತದೆ. ಪೆಲೆಟ್ ಸೀಸದ್ದು, ಬಾಯಲ್ಲಿ ಇಟ್ಟುಕೊಳ್ಳಬೇಡಿ, ಮುಗಿದ ಮೇಲೆ ಕೈ ತೊಳೆದೇ ಊಟಕ್ಕೆ ಕೂಡ್ರಿ. ಬಂದೂಕನ್ನು ಕೀಲಿ ಹಾಕಿ ಇಡಿ. ಮನೆಯಲ್ಲಿ ತಮ್ಮ, ತಂಗಿ, ಅಕ್ಕನ ಮಕ್ಕಳು ಇರೋದನ್ನು ಮರೀಬೇಡಿ.

ಕಂಪನಿಯ ಹೆಸರು ಕಡೆಗೆ ನೋಡೋಣ ಅಂದಿದ್ದೆ. ಈಗ ನೋಡಿದರೆ ಆ ಪ್ರಶ್ನೆ ತಾನೇ ಸಣ್ಣದಾಗ್ತದೆ. 4.5 ಮಿಲಿಮೀಟರ್ ಬೋರು, 20 ಜೂಲ್ ಒಳಗಿನ ಶಕ್ತಿ, ಕೈಪಂಪಿಗೆ ಒಗ್ಗೋ ಸಣ್ಣ ಸಿಲಿಂಡರ್, ಪಕ್ಕಾ ಬಿಲ್ಲು, ಹತ್ತಿರದಲ್ಲಿ ರಿಪೇರಿ. ಈ ಐದೂ ಕೂಡಿ ಬಂದ ಬಂದೂಕೇ ನಿಮ್ಮ ಬಜೆಟ್ಟಿನ ಒಳ್ಳೆ ಬಂದೂಕು. ಐದರಲ್ಲಿ ಒಂದು ತಪ್ಪಿದರೂ ಈ ಸಲದ ಬಿಲ್ಲಿನ ರೊಕ್ಕ ಬ್ಯಾಂಕಿನಲ್ಲೇ ಇರಲಿ, ಮುಂದಿನ ಹಂಗಾಮಿಗೆ ನೋಡಿದರಾಯ್ತು. ಗಿಳಿ ಓಡಿಸೋಕೆ ಅಂತಿದ್ದವರು ಆ ರೊಕ್ಕಕ್ಕೆ ಬಲೆ ತರ್ರಿ.