ಹಳಿ ಯಾಕೆ ಜಾರುವುದಿಲ್ಲ?



ರೈಲು ಹಳಿಯನ್ನು ನೆಲಕ್ಕೆ ಯಾವುದರಿಂದ ಬಿಗಿದಿರುತ್ತಾರೆ? ಈ ಪ್ರಶ್ನೆಯನ್ನು ನಾನು ಎಷ್ಟೋ ಮಕ್ಕಳಿಗೆ ಕೇಳಿದ್ದೇನೆ. ‘ದೊಡ್ಡ ದೊಡ್ಡ ಮೊಳೆ ಹೊಡೆದಿರ್ತಾರೆ’ ಅನ್ನುತ್ತಾರೆ ಕೆಲವರು. ‘ಸಿಮೆಂಟ್ ಹಾಕಿರ್ತಾರೆ’ ಅನ್ನುತ್ತಾರೆ ಇನ್ನು ಕೆಲವರು. ಮೆಟ್ರೋ ಸೇತುವೆಯ ಮೇಲೆ ಹಳಿಯನ್ನು ಕಾಂಕ್ರೀಟಿಗೇ ಕೂರಿಸಿರುತ್ತಾರೆ, ನಿಜ. ಆದರೆ ನಮ್ಮೂರಿನ ಸ್ಟೇಷನ್ ದಾಟಿ ಹೊಲದ ನಡುವೆ ಓಡುವ ಮಾಮೂಲಿ ಹಳಿಗೆ ಅದೂ ಇಲ್ಲ, ಇದೂ ಇಲ್ಲ.

ಹಳಿಗಳ ಕೆಳಗೆ ಏಣಿಯ ಮೆಟ್ಟಿಲಿನ ಹಾಗೆ ಅಡ್ಡಡ್ಡ ಮಲಗಿರುತ್ತವಲ್ಲ, ಅವಕ್ಕೆ ಸ್ಲೀಪರ್ ಅಂತ ಹೆಸರು. ಮೊಳೆಯೋ ಕ್ಲಿಪ್ಪೋ ಇರುವುದು ಹಳಿಯನ್ನು ಸ್ಲೀಪರಿಗೆ ಸೇರಿಸುವುದಕ್ಕೆ. ಸ್ಲೀಪರನ್ನು ಮಾತ್ರ ಯಾರೂ ನೆಲಕ್ಕೆ ಕಟ್ಟಿಲ್ಲ. ಅದು ಜಲ್ಲಿಕಲ್ಲಿನ ಹಾಸಿಗೆಯ ಮೇಲೆ ಸುಮ್ಮನೆ ಕೂತಿದೆ! ಸಾವಿರಾರು ಟನ್ ತೂಕದ ಗೂಡ್ಸ್ ಗಾಡಿ ಮೇಲೆ ಹೋದರೂ ಅದು ಅತ್ತಿತ್ತ ಜಾರಬಾರದು. ಹಾಗಾದರೆ ಅದನ್ನು ಹಿಡಿದಿಟ್ಟಿರುವುದು ಏನು? ಈ ವಾರ ಅದನ್ನೇ ನೋಡೋಣ. ಅದರಲ್ಲೂ ಉಕ್ಕಿನ ಸ್ಲೀಪರಿನ ಕಥೆ ನೋಡೋಣ. ಯಾಕೆಂದರೆ ಎಲ್ಲಕ್ಕಿಂತ ಜಾರುವ ಸ್ವಭಾವ ಇರುವುದು ಅದಕ್ಕೇ, ಅದನ್ನು ಜಾರದ ಹಾಗೆ ಮಾಡಿದ ಜಾಣತನವೂ ದೊಡ್ಡದು.

ಮೊದಲು ಇದ್ದದ್ದು ಮರದ ಸ್ಲೀಪರ್. ಬ್ರಾಡ್ ಗೇಜ್ ಹಳಿಯ ಮರದ ಸ್ಲೀಪರ್ 2.75 ಮೀಟರ್ ಉದ್ದ, 25 ಸೆಂಟಿಮೀಟರ್ ಅಗಲ, 13 ಸೆಂಟಿಮೀಟರ್ ದಪ್ಪ. ರೈಲಿನ ಭಾರಕ್ಕೆ ಜಲ್ಲಿಯ ಚೂಪು ಮೂಲೆಗಳು ಮರದ ತಳಕ್ಕೆ ಕಚ್ಚಿಕೊಳ್ಳುತ್ತಿದ್ದವು. ಹಲ್ಲು ಊರಿದ ಹಾಗೆ! ಹಾಗಾಗಿ ಮರದ ಸ್ಲೀಪರ್ ಸುಲಭಕ್ಕೆ ಜಾರುತ್ತಿರಲಿಲ್ಲ. ಆದರೆ ನಮ್ಮ ದೇಶದ ಮಳೆಗೆ ಮರ ಕೊಳೆಯುತ್ತದೆ, ಗೆದ್ದಲು ತಿನ್ನುತ್ತದೆ. ಮೇಲಾಗಿ ಪ್ರತಿ ಕಿಲೋಮೀಟರಿಗೆ ಸಾವಿರಕ್ಕೂ ಹೆಚ್ಚು ಸ್ಲೀಪರ್ ಬೇಕು ಅಂದರೆ ಎಷ್ಟು ಕಾಡು ಕಡಿಯಬೇಕು, ಯೋಚಿಸಿ. ಅದಕ್ಕೇ ಎಂಜಿನಿಯರುಗಳು ಕಬ್ಬಿಣದ ಕಡೆ ತಿರುಗಿದರು.

ಅಲ್ಲೇ ತೊಡಕು ಬಂತು. ಮರದ ಸ್ಲೀಪರಿನಷ್ಟೇ ಗಾತ್ರದ ಗಟ್ಟಿ ಉಕ್ಕಿನ ದಿಮ್ಮಿ ಮಾಡಿದರೆ ಒಂದೊಂದೂ ಸುಮಾರು 700 ಕೆ.ಜಿ. ತೂಗುತ್ತದೆ. ಅಷ್ಟು ಉಕ್ಕಿಗೆ ದುಡ್ಡೆಲ್ಲಿ, ಎತ್ತುವವರೆಲ್ಲಿ? ಬರೀ ತಗಡು ಹಾಸಿದರೆ ಹಗುರ, ಆದರೆ ನುಣುಪು. ಜಲ್ಲಿಯ ಮೂಲೆ ಉಕ್ಕಿಗೆ ಕಚ್ಚುವುದಿಲ್ಲ. ಕಡಲೆಕಾಳಿನ ಮೇಲೆ ಇಟ್ಟ ಸ್ಟೀಲ್ ತಟ್ಟೆಯ ಹಾಗೆ ಜರ್ರನೆ ಜಾರಿಬಿಡುತ್ತದೆ.

ಇದಕ್ಕೆ ಸಿಕ್ಕ ಉಪಾಯ ಅಡುಗೆಮನೆಯಷ್ಟು ಸರಳ. ತಗಡನ್ನು ಉದ್ದನೆಯ ದೋಣಿಯ ಹಾಗೆ ಬಗ್ಗಿಸಿದರು. ದನಗಳಿಗೆ ನೀರು ಕುಡಿಸುವ ಬಾನಿ ನೋಡಿದ್ದೀರಲ್ಲ, ಹೆಚ್ಚು ಕಡಿಮೆ ಆ ಆಕಾರ. ಆಮೇಲೆ ಅದನ್ನು ಬೋರಲು ಹಾಕಿದರು. ಎರಡು ತುದಿಗಳನ್ನೂ ಸಲಿಕೆಯ ಹಾಗೆ ಕೆಳಕ್ಕೆ ಬಗ್ಗಿಸಿದರು. ಆ ಬೋರಲು ದೋಣಿಯ ಹೊಟ್ಟೆಯೊಳಗೆ ಜಲ್ಲಿ ತುಂಬಿ ಬಿಗಿ ಮಾಡಿದರು. ಅಷ್ಟೇ! ಬ್ರಾಡ್ ಗೇಜಿಗೆ ಬಳಸಿದ ಇಂಥ ಉಕ್ಕಿನ ಸ್ಲೀಪರ್ ಸುಮಾರು 80 ಕೆ.ಜಿ. ತೂಗುತ್ತಿತ್ತು, ಮೀಟರ್ ಗೇಜಿನದು ಅದಕ್ಕಿಂತ ಎಷ್ಟೋ ಹಗುರ.

ಇದರಿಂದ ಏನಾಯಿತು? ಈಗ ಸ್ಲೀಪರ್ ಜಾರಬೇಕಾದರೆ ತಗಡೊಂದೇ ಜಾರಿದರೆ ಸಾಲದು. ಹೊಟ್ಟೆಯೊಳಗಿನ ಜಲ್ಲಿಯನ್ನೂ ಎಳೆದುಕೊಂಡು ಹೋಗಬೇಕು. ಒಳಗಿನ ಜಲ್ಲಿಯೋ ಕೆಳಗಿನ ಜಲ್ಲಿಯ ಜೊತೆ ಮೂಲೆಗೆ ಮೂಲೆ ಕೊಟ್ಟು ಕಚ್ಚಿಕೊಂಡಿದೆ. ತುದಿಯಲ್ಲಿ ಕೆಳಕ್ಕೆ ಬಗ್ಗಿದ ಸಲಿಕೆ ಬೇರೆ ಜಲ್ಲಿಯೊಳಗೆ ಊರಿಕೊಂಡಿದೆ. ಅಂದರೆ ಈ ಸ್ಲೀಪರಿನ ಬಲ ಅದರ ಸ್ವಂತ ತೂಕದಲ್ಲಿಲ್ಲ, ಅದು ಅಪ್ಪಿಕೊಂಡಿರುವ ಕಲ್ಲುಗಳಲ್ಲಿದೆ.

ನಂಬಿಕೆ ಬರಲಿಲ್ಲವೇ? ಅಜ್ಜಿಯ ಅಪ್ಪಣೆ ಪಡೆದು ಮನೆಯಲ್ಲೇ ಮಾಡಿ ನೋಡಿ. ಅಗಲವಾದ ತಟ್ಟೆಯಲ್ಲಿ ಎರಡು ಬೆರಳಿನಷ್ಟು ಆಳಕ್ಕೆ ರಾಗಿ ಹರಡಿ. ಎರಡು ಖಾಲಿ ಬೆಂಕಿಪೊಟ್ಟಣ ತೆಗೆದುಕೊಂಡು, ಕಡ್ಡಿ ತುಂಬುವ ಒಳಗಿನ ತೊಟ್ಟಿಗಳನ್ನು ಮಾತ್ರ ಈಚೆಗೆ ತೆಗೆಯಿರಿ. ಒಂದನ್ನು ಹಾಗೇ ಇಡಿ. ಇನ್ನೊಂದರ ಎರಡು ಗಿಡ್ಡ ಗೋಡೆಗಳನ್ನು ಕತ್ತರಿಸಿ ತೆಗೆಯಿರಿ. ಈಗ ಎರಡನ್ನೂ ಬೋರಲು ಹಾಕಿ, ಮೆಲ್ಲಗೆ ಅಲುಗಾಡಿಸುತ್ತಾ ರಾಗಿಯೊಳಗೆ ಒತ್ತಿ ಕೂರಿಸಿ. ಆಮೇಲೆ ಒಂದೊಂದನ್ನೂ ಉದ್ದಕ್ಕೆ ಬೆರಳಿನಿಂದ ತಳ್ಳಿ. ಗೋಡೆ ಇಲ್ಲದ್ದು ಸುರಂಗದ ಹಾಗೆ ರಾಗಿಯ ಮೇಲೆ ಸರಿದುಹೋಗುತ್ತದೆ. ನಾಲ್ಕು ಗೋಡೆ ಇರುವುದು ತನ್ನ ಮುಂದಿನ ರಾಗಿಯನ್ನೆಲ್ಲ ಗುಡ್ಡೆ ಮಾಡಿಕೊಂಡು ‘ಬರಲ್ಲ’ ಅಂತ ಹಠ ಮಾಡುತ್ತದೆ. ಉಕ್ಕಿನ ಸ್ಲೀಪರಿನ ತುದಿ ಬಗ್ಗಿಸಿದ್ದರ ಗುಟ್ಟು ಇಷ್ಟೇ. ಪ್ರಯೋಗ ಮುಗಿದ ಮೇಲೆ ರಾಗಿಯನ್ನು ಡಬ್ಬಕ್ಕೆ ತುಂಬಿಡುವುದು ಮಾತ್ರ ಮರೆಯಬೇಡಿ!

ಈ ಬೋರಲು ಹಾಕುವ ಉಪಾಯ ಹಳೆಯದೇ. 19ನೆಯ ಶತಮಾನದಲ್ಲೇ ಹಳಿಯ ಕೆಳಗೆ ಬೀಡುಕಬ್ಬಿಣದ ಮಡಕೆಗಳನ್ನು ಬೋರಲು ಹಾಕಿ, ಎರಡು ಮಡಕೆಗಳನ್ನು ಒಂದು ಪಟ್ಟಿಯಿಂದ ಸೇರಿಸುತ್ತಿದ್ದರು. ಮಡಕೆಯ ಮೇಲಿದ್ದ ತೂತಿನಿಂದ ಒಳಗೆ ಜಲ್ಲಿ ತುಂಬಿ ಗಿಡಿಯುತ್ತಿದ್ದರು. ಆಮೇಲೆ ಭಾರತದಲ್ಲಿ ಬಹಳ ಕಾಲ ಬಳಕೆಯಲ್ಲಿದ್ದ ‘ಸಿ.ಎಸ್.ಟಿ.-9’ ಎಂಬ ಬೀಡಿನ ಸ್ಲೀಪರೂ ಇದೇ ವಂಶದ್ದು. ಅದಕ್ಕೂ ಕೆಳಗೆ ಬೋರಲು ಬಟ್ಟಲು ಇತ್ತು. ಹೆಸರಿನಲ್ಲಿರುವ 9 ಅಂದರೆ ಪರೀಕ್ಷೆಗೆ ಇಟ್ಟ ಸಾಲಿನಲ್ಲಿ ಒಂಬತ್ತನೆಯ ಮಾದರಿ. ಒಂದೇ ಸಲಕ್ಕೆ ಯಾವುದೂ ಸರಿಹೋಗುವುದಿಲ್ಲ ಅನ್ನುವುದಕ್ಕೆ ಆ ಅಂಕಿಯೇ ಸಾಕ್ಷಿ.

ಆಕಾರ ಒಂದಿದ್ದರೆ ಸಾಕೇ? ಸಾಲದು. ಬೋರಲು ದೋಣಿಯ ಒಳಗೆ ಜಲ್ಲಿ ತುಂಬಿದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ಮೇಲೆ ಹಾಕಿದರೆ ಒಳಗೆ ಹೋಗುವುದೂ ಇಲ್ಲ. ಅಂಚಿನ ಕೆಳಗಿನಿಂದ ಕಲ್ಲನ್ನು ಕುಟ್ಟಿ ಕುಟ್ಟಿ ಒಳಕ್ಕೆ ತಳ್ಳಬೇಕು. ಈ ಕೆಲಸ ಮಾಡುತ್ತಿದ್ದವರು ಗ್ಯಾಂಗ್‌ಮನ್‌ಗಳು. ಅವರ ಕೈಯಲ್ಲಿ ಇರುತ್ತಿದ್ದದ್ದು ಒಂದು ಕಡೆ ಮೊನೆ, ಇನ್ನೊಂದು ಕಡೆ ಮೊಂಡು ತಲೆ ಇರುವ ಪಿಕಾಸಿ. ಒಂದು ಸ್ಲೀಪರಿಗೆ ನಾಲ್ಕು ಜನ, ಒಂದೊಂದು ಹಳಿಯ ಹತ್ತಿರ ಇಬ್ಬಿಬ್ಬರು. ತಾಳ ತಪ್ಪದ ಹಾಗೆ ಒಟ್ಟಿಗೆ ಎತ್ತಿ, ಒಟ್ಟಿಗೆ ಹೊಡೆಯುತ್ತಿದ್ದರು. ಹೊಡೆತ ಎಲ್ಲ ಕಡೆ ಒಂದೇ ಸಮ ಬಿದ್ದರೆ ಜಲ್ಲಿಯೂ ಒಂದೇ ಸಮ ತುಂಬುತ್ತದೆ.

ತುಂಬಿದ ಮೇಲೆ ಪರೀಕ್ಷೆ ಹೇಗೆ? ಕಿವಿಯಿಂದ! ಸ್ಲೀಪರನ್ನು ತಟ್ಟಿ ನೋಡುತ್ತಿದ್ದರು. ಒಳಗೆ ಟೊಳ್ಳಿದ್ದರೆ ಬೋರಲು ಕೊಡಪಾನ ತಟ್ಟಿದ ಹಾಗೆ ಬೋಳು ಸದ್ದು. ಗಟ್ಟಿಯಾಗಿ ತುಂಬಿದ್ದರೆ ಧಪ್ ಅನ್ನುವ ಮೊಂಡು ಸದ್ದು. ಸಂತೆಯಲ್ಲಿ ಅಜ್ಜಿ ತೆಂಗಿನಕಾಯಿಯನ್ನೋ ಮಡಕೆಯನ್ನೋ ತಟ್ಟಿ ಕೊಳ್ಳುತ್ತಾರಲ್ಲ, ಅದೇ ವಿದ್ಯೆ. ಓದು ಬರಹ ಹೆಚ್ಚಿಲ್ಲದ ಎಷ್ಟೋ ಜನ ಈ ಸದ್ದಿನ ವಿದ್ಯೆಯಲ್ಲಿ ಪಂಡಿತರಾಗಿದ್ದರು. ಟೊಳ್ಳು ಸ್ಲೀಪರನ್ನು ಹಾಗೇ ಬಿಟ್ಟರೆ ರೈಲು ಬಂದಾಗಲೆಲ್ಲ ಅದು ಕುಣಿಯುತ್ತದೆ, ಪಕ್ಕದ ಸ್ಲೀಪರಿನ ಜಲ್ಲಿಯನ್ನೂ ಸಡಿಲ ಮಾಡುತ್ತದೆ.

ಜಲ್ಲಿಯೂ ಎಂಥದ್ದೋ ಆದರೆ ಆಗದು. ಹೊಳೆಯ ನುಣುಪು ಗುಂಡುಕಲ್ಲು ಗೋಲಿಯ ಹಾಗೆ ಉರುಳುತ್ತದೆ. ಬಂಡೆ ಒಡೆದು ಮಾಡಿದ, ಮೂಲೆ ಮೂಲೆಯಾದ ಕಲ್ಲೇ ಬೇಕು. ವರ್ಷಗಳು ಕಳೆದಂತೆ ಕಲ್ಲಿನ ನಡುವೆ ಮಣ್ಣು, ಧೂಳು ಸೇರಿ ಮಳೆಗಾಲದಲ್ಲಿ ಕೆಸರಾಗುತ್ತದೆ. ಕೆಸರಾದರೆ ಹಿಡಿತ ಹೋಯಿತು. ಅದಕ್ಕೆ ಜಲ್ಲಿಯನ್ನು ಅಗೆದು, ಅಕ್ಕಿ ಜರಡಿ ಹಿಡಿದ ಹಾಗೆ ಜರಡಿ ಹಿಡಿದು ಮತ್ತೆ ತುಂಬುತ್ತಾರೆ. ಈಗ ಇದಕ್ಕೂ, ಕುಟ್ಟುವುದಕ್ಕೂ ಯಂತ್ರಗಳು ಬಂದಿವೆ.

ಇಷ್ಟೆಲ್ಲ ಯಾಕೆ ಅಂದರೆ, ಸ್ವಲ್ಪ ಜಾರಿದರೂ ಪ್ರಾಣದ ಪ್ರಶ್ನೆ. ಬೇಸಿಗೆಯನ್ನು ನೆನೆಸಿಕೊಳ್ಳಿ. ಉಕ್ಕು ಬಿಸಿಯಾದರೆ ಹಿಗ್ಗುತ್ತದೆ. ಒಂದು ಕಿಲೋಮೀಟರ್ ಉದ್ದದ ಹಳಿ 30 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಸುಮಾರು 36 ಸೆಂಟಿಮೀಟರ್ ಉದ್ದವಾಗಲು ನೋಡುತ್ತದೆ. ನಿಮ್ಮ ಸ್ಕೇಲಿಗಿಂತಲೂ ಉದ್ದ! ಹಿಂದೆ ಹಳಿಗಳ ನಡುವೆ ಸಂದು ಬಿಡುತ್ತಿದ್ದರು. ಅಜ್ಜ ಅಜ್ಜಿಯರಿಗೆ ನೆನಪಿರುವ ‘ಕಟಕಟ’ ಸದ್ದು ಆ ಸಂದಿನದೇ. ಈಗ ಹಳಿಗಳನ್ನು ಬೆಸೆದು ಉದ್ದಕ್ಕೆ ಒಂದೇ ಮಾಡುತ್ತಾರೆ, ನಡುವೆ ಸಂದಿಲ್ಲ. ಹಿಗ್ಗಲು ಜಾಗ ಇಲ್ಲದ ಹಳಿ ಪಕ್ಕಕ್ಕೆ ಹಾವಿನ ಹಾಗೆ ಸೊಟ್ಟಗಾಗಲು ಹವಣಿಸುತ್ತದೆ. ಅದನ್ನು ತಡೆಯುವುದು ಸ್ಲೀಪರ್. ಸ್ಲೀಪರನ್ನು ತಡೆಯುವುದು ಜಲ್ಲಿ. ಅದರಲ್ಲೂ ಸ್ಲೀಪರಿನ ತುದಿಯಾಚೆಗೆ ದಿಬ್ಬದಂತೆ ರಾಶಿ ಹಾಕಿರುವ ಜಲ್ಲಿ. ಅದಕ್ಕೆ ಭುಜ ಅಂತಲೇ ಹೆಸರು. ಜಲ್ಲಿ ಅಗೆದು ಹೊಸದಾಗಿ ತುಂಬಿದ ಕಡೆ ಅದು ಚೆನ್ನಾಗಿ ಕೂರುವ ತನಕ ರೈಲು ನಿಧಾನವಾಗಿ ಹೋಗಬೇಕು ಅಂತ ನಿಯಮವಿದೆ. ಬಿರುಬಿಸಿಲಿನ ಹೊತ್ತಿನಲ್ಲಿ ಹಳಿ ಕಾಯುತ್ತಾ ನಡೆಯುವವರೂ ಇದ್ದಾರೆ.

ಉಕ್ಕಿನ ಸ್ಲೀಪರುಗಳು ಈಗ ನಮ್ಮ ಮುಖ್ಯ ಮಾರ್ಗಗಳಲ್ಲಿ ಅಪರೂಪ. ಅವಕ್ಕೆ ತುಕ್ಕಿನ ಕಾಟ ಇತ್ತು. ಮೇಲಾಗಿ ಸಿಗ್ನಲ್ಲಿಗಾಗಿ ಹಳಿಯಲ್ಲಿ ಸಣ್ಣ ವಿದ್ಯುತ್ ಹರಿಸುವ ಕಡೆ, ಒಂದು ಹಳಿಯಿಂದ ಇನ್ನೊಂದಕ್ಕೆ ಉಕ್ಕು ದಾರಿ ಮಾಡಿಕೊಟ್ಟುಬಿಡುತ್ತಿತ್ತು. ಈಗಿನ ಕಾಂಕ್ರೀಟ್ ಸ್ಲೀಪರ್ 250 ಕೆ.ಜಿ.ಗೂ ಹೆಚ್ಚು ತೂಗುತ್ತದೆ. ಆದರೂ ಅದಕ್ಕೂ ಜಲ್ಲಿಯ ಹಿಡಿತ ಬೇಕೇ ಬೇಕು. ಆಸ್ಟ್ರೇಲಿಯಾ, ಸ್ವಿಟ್ಜರ್ಲೆಂಡ್ ಮುಂತಾದ ಕಡೆ ಇಂದಿಗೂ ಉಕ್ಕಿನ ಸ್ಲೀಪರುಗಳಿವೆ.

ನಾನು ಬೆಳೆದ ಊರಿನಲ್ಲಿ ಮೀಟರ್ ಗೇಜ್ ಇತ್ತು. ಹಳೆಯ ಸ್ಲೀಪರುಗಳನ್ನು ನೆಟ್ಟು ಸ್ಟೇಷನ್ನಿನ ಬೇಲಿ ಮಾಡಿದ್ದರು. ಅವುಗಳ ದೋಣಿಯಂಥ ಬೆನ್ನಿನಲ್ಲಿ ಮಳೆಗಾಲದಲ್ಲಿ ಕಪ್ಪೆಗಳು ಅಡಗಿರುತ್ತಿದ್ದವು. ನಿಮ್ಮೂರಿನ ಹಳೆಯ ಸ್ಟೇಷನ್ನಿನ ಸುತ್ತ ಅಂಥದ್ದೊಂದು ಕಂಬ ಇದೆಯೇ, ಅಜ್ಜನ ಜೊತೆ ಹೋದಾಗ ನೋಡಿ. ತುದಿ ಬಗ್ಗಿದೆಯೇ, ಹಳಿ ಕೂರುತ್ತಿದ್ದ ಜಾಗದ ತೂತುಗಳು ಕಾಣುತ್ತವೆಯೇ ಗಮನಿಸಿ. ನೋಡುವುದೆಲ್ಲ ಪ್ಲಾಟ್‌ಫಾರಂ ಮೇಲಿಂದ, ಬೇಲಿಯ ಈಚೆಯಿಂದ. ಹಳಿಯ ಮೇಲೆ ಇಳಿಯಲೇಬಾರದು. ಅಲ್ಲಿನ ಒಂದು ಕಲ್ಲನ್ನೂ ಆಟಕ್ಕೆ ಅಂತ ಎತ್ತಿಕೊಳ್ಳಬಾರದು. ಬಿಡಿ ಕಲ್ಲಿನ ಹಾಗೆ ಕಂಡರೂ ಅದು ಬಿಡಿ ಕಲ್ಲಲ್ಲ ಅಂತ ಈಗ ನಿಮಗೆ ಗೊತ್ತು.

ಈ ವಾರದ ಲೆಕ್ಕ: ಒಂದು ಕಿಲೋಮೀಟರ್ ಹಳಿ 30 ಡಿಗ್ರಿಗೆ 36 ಸೆಂಟಿಮೀಟರ್ ಹಿಗ್ಗುವುದಾದರೆ, 13 ಮೀಟರ್ ಉದ್ದದ ಒಂದು ಹಳಿ ಎಷ್ಟು ಹಿಗ್ಗುತ್ತದೆ? ಉತ್ತರ ಐದು ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ ಬಂದರೆ ಸರಿ. ಅಜ್ಜಿಗೂ ಒಂದು ಹಾಳೆ ಕೊಡಿ, ಯಾರು ಮೊದಲು ಮಾಡುತ್ತೀರೋ ನೋಡೋಣ.