ಬಿಸ್ಕೆಟ್ ಹಾಕ್ಬೇಡ, ಅಜ್ಜಾ!

ಮೊನ್ನೆ ನಮ್ಮ ವಿನೋಬನಗರದ ಬೇಕರಿಯಿಂದ ಖಾರ ಬಿಸ್ಕತ್ತು ತಂದು, "ಲೆಕ್ಕದಲ್ಲಿ ನಿನ್ನಂಥ ಜಾಣ ಇಲ್ಲ" ಎಂದು ಮೊಮ್ಮಗನ ಕೈಗಿಟ್ಟೆ. "ಅಜ್ಜಾ, ಬಿಸ್ಕೆಟ್ ಹಾಕ್ಬೇಡ!" ಎಂದ. ಮಕ್ಕಳಿಗೆ ಗೊತ್ತು, ಅಜ್ಜ-ಅಜ್ಜಿಯರಿಗೆ ಹೇಳುತ್ತೇನೆ: ಕೆಲಸ ಸಾಧಿಸಲು ಹೊಗಳುವುದಕ್ಕೆ ಈಗಿನವರ ಮಾತು ಅದು. ನಮ್ಮ ಕಾಲದ 'ಬೆಣ್ಣೆ ಹಚ್ಚುವುದು'.

ಪದದ ಬೇರು ಲ್ಯಾಟಿನ್: 'ಬಿಸ್' ಎಂದರೆ ಎರಡು ಸಲ, 'ಕೊಕ್ಟುಸ್' ಎಂದರೆ ಬೆಂದದ್ದು. ಫ್ರೆಂಚ್, ಇಂಗ್ಲಿಷ್ ದಾಟಿ ನಮ್ಮಲ್ಲಿ ಬಿಸ್ಕತ್ತಾಯಿತು. ನೀರಿನಂಶ ಆರಿ ತಿಂಗಳುಗಟ್ಟಲೆ ಕೆಡದ ಕಾರಣ ಹಡಗಿನವರಿಗೆ ಅದೇ ಬುತ್ತಿ. ಈಗ ಎರಡು ಸಲ ಬೇಯುವುದು ರಸ್ಕ್.

ಮೊಮ್ಮಗ ಹೇಳಿದ್ದು ನಿಜ. ಕಳೆದ ಪರೀಕ್ಷೆಯಲ್ಲಿ ಲೆಕ್ಕಕ್ಕೆ ಅವನಿಗೆ ಬಂದದ್ದು 100ಕ್ಕೆ 31. ಹೊಗಳಿಕೆ ಬಿಟ್ಟು ಪಕ್ಕದಲ್ಲಿ ಕೂತೆ. ಬ್ಯಾಂಕಿನಲ್ಲಿ ಕೂಡಿದ್ದನ್ನೇ ಮತ್ತೆ ಕೂಡುತ್ತಿದ್ದ ಹಾಗೆ, ತಪ್ಪಿದ ಲೆಕ್ಕವನ್ನೆಲ್ಲ ಎರಡೆರಡು ಸಲ ಮಾಡಿದೆವು. ಬಿಸ್ಕತ್ತು ಖಾಲಿಯಾಯಿತು, ಐದು ಲೆಕ್ಕ ಸರಿಬಂದವು.